ಕಾಯಲು ಬಿಡದ ಡಿಸೆಂಬರ್

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಚರ್ಚು ಎತ್ತಿಟ್ಟುಕೊಂಡದ್ದು ಉಪವಾಸಕ್ಕೆ, ಎಚ್ಚರಕ್ಕೆ, ಕಾಯುವುದಕ್ಕೆ. ಅಂಗಡಿ ಆ ನಾಲ್ಕು ವಾರಗಳನ್ನು ವರ್ಷದ ದೊಡ್ಡ ಸುಗ್ಗಿ ಮಾಡಿಕೊಂಡಿತು. ಹಬ್ಬ ಬರುವ ಮೊದಲೇ ಹಬ್ಬದ ಅಜೀರ್ಣ ಶುರುವಾಗುವ ಈ ಕಾಲದಲ್ಲಿ, ಮಂಗಳೂರಿನ ಗೋದಲಿಯಲ್ಲಿ ಮೊಳೆಯುವ ರಾಗಿಗೆ ಮಾತ್ರ ಇನ್ನೂ ಅವಸರವಿಲ್ಲ.

2021ರ ಡಿಸೆಂಬರ್ ಆರಂಭ. ಅಮೆರಿಕದ ಯುವತಿಯೊಬ್ಬಳು ಫೋನಿನ ಕ್ಯಾಮೆರಾ ಆನ್ ಮಾಡಿ, ಸೆಂಟಿನ ಬಾಟಲಿಯ ಆಕಾರದ ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದಾಳೆ. ಒಳಗೆ ಸಂಖ್ಯೆ ಬರೆದ ಪುಟ್ಟ ಪುಟ್ಟ ಡಬ್ಬಿಗಳು. ಪ್ಯಾರಿಸ್ಸಿನ ಶನೆಲ್ ಕಂಪನಿ ತಂದ ಕ್ರಿಸ್ಮಸ್ ಕ್ಯಾಲೆಂಡರ್ ಅದು. ಬೆಲೆ 825 ಡಾಲರ್. ಅಂದಿನ ಲೆಕ್ಕದಲ್ಲಿ 60 ಸಾವಿರ ರೂಪಾಯಿಗೂ ಮೇಲೆ.

ಒಂದೊಂದೇ ಡಬ್ಬಿ ಬಿಚ್ಚುತ್ತಾ ಹೋಗುತ್ತಾಳೆ. ಒಂದರಲ್ಲಿ ಸ್ಟಿಕ್ಕರ್. ಇನ್ನೊಂದರಲ್ಲಿ ಏನೂ ತುಂಬದ ಬಟ್ಟೆ ಚೀಲ. ಟಿಕ್‌ಟಾಕ್‌ನಲ್ಲಿ ಲಕ್ಷಾಂತರ ಜನ ನೋಡಿದರು, ನಕ್ಕರು, ಕಂಪನಿಗೆ ಬೈದರು. ಕೊನೆಗೆ ಕಂಪನಿಯೇ ಸಮಜಾಯಿಷಿ ಕೊಡಬೇಕಾಯಿತು.

ಬೆಲೆಯ ಗಲಾಟೆಯಲ್ಲಿ ಮರೆಯಾದ ಸಂಗತಿ ಒಂದಿದೆ. ಆ ಡಬ್ಬಿಗಳ ಎಣಿಕೆ 1ರಿಂದ ಶುರುವಾಗಿರಲಿಲ್ಲ, ಕ್ರಿಸ್ಮಸ್‌ಗೆ ಮುಗಿದಿರಲೂ ಇಲ್ಲ. 5ರಿಂದ 31. ಕಂಪನಿಯ ಪ್ರಸಿದ್ಧ ಸೆಂಟಿನ ಹೆಸರು ನಂಬರ್ 5. ಆ ವರ್ಷ ಅದಕ್ಕೆ ನೂರು ತುಂಬಿತ್ತು. ಯೇಸುವಿನ ಜನನಕ್ಕೆ ದಿನ ಎಣಿಸಲೆಂದು ಹುಟ್ಟಿದ ಕ್ಯಾಲೆಂಡರ್ ಸೆಂಟಿನ ಶತಮಾನೋತ್ಸವಕ್ಕೆ ಎಣಿಸುತ್ತಿತ್ತು. ಡಿಸೆಂಬರ್ 25 ಅದರಲ್ಲಿ ನಡುವೆಲ್ಲೋ ಬಂದು ಹೋಗುವ ಒಂದು ಡಬ್ಬಿ, ಅಷ್ಟೆ.

ಬಂಡಿಚಕ್ರದ ಮೇಲೆ ಮೇಣದಬತ್ತಿ

ಈ ಎಣಿಕೆ ಶುರುವಾದ ಜಾಗ ಬಡವರದು. ಜರ್ಮನಿಯ ಹ್ಯಾಂಬರ್ಗ್ ನಗರದ ಅಂಚಿನಲ್ಲಿ ಯೊಹಾನ್ ಹಿನ್ರಿಖ್ ವಿಖರ್ನ್ ಎಂಬ ಲೂಥರನ್ ದೇವಶಾಸ್ತ್ರಜ್ಞ 1833ರಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಯಮನೆ ತೆರೆದ. ಡಿಸೆಂಬರ್ ಬಂದರೆ ಸಾಕು, ಕ್ರಿಸ್ಮಸ್ ಬಂತಾ, ಇನ್ನೆಷ್ಟು ದಿನ ಎಂದು ಮಕ್ಕಳದು ಒಂದೇ ರಾಗವಂತೆ. 1839ರಲ್ಲಿ ಅವನು ಹಳೆಯ ಬಂಡಿಚಕ್ರವೊಂದನ್ನು ತೂಗುಹಾಕಿ ಅದರ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿದ. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುವುದು. ಬೆಳಕು ಹೆಚ್ಚುತ್ತಾ ಹೋದಂತೆ ಹಬ್ಬ ಹತ್ತಿರವಾಗುತ್ತದೆ.

ಇಂದು ಬೆಂಗಳೂರು, ಮಂಗಳೂರು, ಮೈಸೂರಿನ ಚರ್ಚುಗಳಲ್ಲಿ ಪೀಠದ ಪಕ್ಕ ಹಸಿರೆಲೆಯ ವರ್ತುಲದ ಮೇಲೆ ಕಾಣುವ ನಾಲ್ಕು ಮೇಣದಬತ್ತಿಗಳು ಆ ಬಂಡಿಚಕ್ರದ ಸಂತಾನ.

ಜರ್ಮನಿಯ ಬೇರೆ ಮನೆಗಳಲ್ಲಿ ಇಷ್ಟೂ ಖರ್ಚಿರಲಿಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಮಕ್ಕಳು ದಿನಕ್ಕೊಂದು ಅಳಿಸುವುದು. ಗೆರ್ಹಾರ್ಡ್ ಲಾಂಗ್ ಎಂಬ ಹುಡುಗನ ತಾಯಿ ರಟ್ಟಿನ ಹಾಳೆಗೆ 24 ಸಿಹಿ ಬಿಲ್ಲೆಗಳನ್ನು ಹೊಲಿದು ಕೊಡುತ್ತಿದ್ದಳು. ದಿನಕ್ಕೆ ಒಂದೇ. ಆ ಹುಡುಗ ಬೆಳೆದು ಮ್ಯೂನಿಕ್‌ನಲ್ಲಿ ಮುದ್ರಕನಾದ. 20ನೇ ಶತಮಾನದ ಮೊದಲ ದಶಕದಲ್ಲಿ ಅಮ್ಮನ ರಟ್ಟನ್ನೇ ನೆನೆದು ಕ್ಯಾಲೆಂಡರ್ ಅಚ್ಚು ಹಾಕಿದ. ಆಮೇಲೆ ಅದಕ್ಕೆ ಪುಟ್ಟ ಕಿಟಕಿಗಳು ಬಂದವು. 1971ರಲ್ಲಿ ಕ್ಯಾಡ್ಬರಿ ಕಿಟಕಿಯ ಹಿಂದೆ ಚಾಕೊಲೇಟ್ ಇಟ್ಟಿತು. 2019ರಲ್ಲಿ ಟಿಫನಿ ಎಂಬ ಆಭರಣ ಕಂಪನಿ ನಾಲ್ಕಡಿ ಎತ್ತರದ ಕಪಾಟನ್ನೇ ಕ್ಯಾಲೆಂಡರ್ ಎಂದು ಮಾರಿತು. ಬೆಲೆ 1,12,000 ಡಾಲರ್.

ಸೀಮೆಸುಣ್ಣದ ಗೆರೆಯಿಂದ ವಜ್ರದ ಕಪಾಟಿನವರೆಗೆ ಬಂದ ಈ ದಾರಿಯಲ್ಲಿ ಯಾರೂ ಯಾರ ಮೇಲೂ ದಾಳಿ ಮಾಡಲಿಲ್ಲ. ಮಾರುಕಟ್ಟೆ ಕ್ರಿಸ್ಮಸ್ಸನ್ನು ಎಂದೂ ವಿರೋಧಿಸಿದ್ದಿಲ್ಲ. ಅದರಷ್ಟು ಭಕ್ತಿಯಿಂದ ಡಿಸೆಂಬರ್ ಆಚರಿಸುವವರು ಇನ್ನೊಬ್ಬರಿಲ್ಲ. ಅದು ಕಿತ್ತುಕೊಂಡದ್ದು ಒಂದನ್ನೇ: ಕಾಯುವುದನ್ನು.

ನೇರಳೆ ಬಣ್ಣದ ನಾಲ್ಕು ವಾರ

ಕ್ರೈಸ್ತರಲ್ಲದ ಓದುಗರಿಗೆ ಇದು ವಿಚಿತ್ರ ಎನಿಸಬಹುದು. ಚರ್ಚಿನ ಪಂಚಾಂಗದಲ್ಲಿ ಡಿಸೆಂಬರ್ 24ರ ಸಂಜೆಯವರೆಗೂ ಕ್ರಿಸ್ಮಸ್ ಇಲ್ಲವೇ ಇಲ್ಲ. ಅಲ್ಲಿಯವರೆಗೆ ಇರುವುದು ಆಗಮನ ಕಾಲ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು. ಕಥೋಲಿಕ ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ತೊಡುವುದೂ ಅದೇ ಬಣ್ಣ. ಭಾನುವಾರದ ಪೂಜೆಯಲ್ಲಿ ಮಹಿಮಾ ಗೀತೆ ಹಾಡುವುದಿಲ್ಲ. ಬೆತ್ಲೆಹೇಮಿನಲ್ಲಿ ದೇವದೂತರು ಹಾಡಿದ್ದೆಂದು ನಂಬುವ ಆ ಹಾಡನ್ನು ಕ್ರಿಸ್ಮಸ್ ರಾತ್ರಿಗೆಂದು ಬಚ್ಚಿಡುತ್ತಾರೆ. ಮೂರನೇ ಭಾನುವಾರ ಮಾತ್ರ ಗುಲಾಬಿ ಬಣ್ಣ, ಅರ್ಧ ದಾರಿ ದಾಟಿದ ಸಂತೋಷಕ್ಕೆ.

ಮೊದಲ ಭಾನುವಾರದ ಶುಭಸಂದೇಶ ವಾಚನದಲ್ಲಿ ಕುರಿಗಾಹಿಗಳಿಲ್ಲ, ಮಗುವಿಲ್ಲ. ನಿದ್ದೆ ಹೋಗಬೇಡಿ, ಎಚ್ಚರವಿರಿ ಎಂಬ ತಾಕೀತು ಇದೆ. ಎರಡನೆಯ ಭಾನುವಾರ ಬರುವವನು ಸ್ನಾನಿಕ ಯೊವಾನ್ನ. ಒಂಟೆ ಕೂದಲ ಬಟ್ಟೆ, ಮಿಡತೆ ಮತ್ತು ಕಾಡುಜೇನಿನ ಊಟ. ಎರಡು ಅಂಗಿ ಇದ್ದವರು ಒಂದನ್ನು ಇಲ್ಲದವರಿಗೆ ಕೊಡಿ ಎಂದು ಬೋಧಿಸಿದವನು. ಮಾಲುಗಳ ಡಿಸೆಂಬರ್ ಜಾಹೀರಾತಿನಲ್ಲಿ ಈ ಮನುಷ್ಯನಿಗೆ ಜಾಗ ಸಿಗದಿರುವುದು ಆಶ್ಚರ್ಯವೇನಲ್ಲ.

5ನೇ ಶತಮಾನದಲ್ಲಿ ಫ್ರಾನ್ಸಿನ ಟೂರ್ ನಗರದ ಧರ್ಮಾಧ್ಯಕ್ಷ ಪೆರ್ಪೆಟುವಸ್, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದ್ದ. ಪಶ್ಚಿಮದ ಚರ್ಚಿನಲ್ಲಿ ಆ ಉಪವಾಸ ನಿಧಾನವಾಗಿ ಕರಗಿತು. ಪೂರ್ವದ ಚರ್ಚುಗಳಲ್ಲಿ ಹಬ್ಬಕ್ಕೆ ಮುಂಚಿನ ಉಪವಾಸ ಉಳಿಯಿತು. ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ 1ರಿಂದ ಹಬ್ಬದವರೆಗೆ ಇಪ್ಪತ್ತೈದು ದಿನಗಳ ನೋಂಬು ಹಿಡಿಯುತ್ತಾರೆ. ಮಾಂಸವಿಲ್ಲ, ಮದ್ಯವಿಲ್ಲ.

ಇದು ನಮ್ಮ ಪಕ್ಕದ ಮನೆಯ ಸಂಗತಿಯೂ ಹೌದು. ಕೇರಳದಿಂದ ಬಂದು ರಬ್ಬರ್ ತೋಟ ಮಾಡಿ ನೆಲೆಸಿದ ಸಿರೋ-ಮಲಬಾರ್ ಕುಟುಂಬಗಳಿಗೆಂದೇ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತವಾಯಿತು. ಘಟ್ಟದ ತಪ್ಪಲಿನ ಆ ಮನೆಗಳಲ್ಲಿ ಡಿಸೆಂಬರ್ ಎಂದರೆ ಇಂದಿಗೂ ಮೀನಿಲ್ಲದ, ಕೋಳಿಯಿಲ್ಲದ ತಿಂಗಳು. ಬೇಕರಿಯ ಗಾಜಿನಲ್ಲಿ ಪ್ಲಮ್ ಕೇಕ್ ಸಾಲಾಗಿ ಕೂತಿರುವಾಗಲೇ ಈ ಮನೆಗಳ ಒಲೆಯ ಮೇಲೆ ಹೆಸರುಕಾಳು ಬೇಯುತ್ತಿರುತ್ತದೆ. ನೋಂಬು ಮುರಿಯುವುದು ಕ್ರಿಸ್ಮಸ್ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ. ಆ ಬೆಳಿಗ್ಗೆಯ ಅಪ್ಪಂ ಮತ್ತು ಕೋಳಿ ಸ್ಟ್ಯೂ ರುಚಿಯನ್ನು ತಿಂಗಳಿಡೀ ಕೇಕ್ ಮೆಲ್ಲುತ್ತ ಬಂದವರಿಗೆ ವಿವರಿಸುವುದು ಕಷ್ಟ.

■ ಪಕ್ಕದ ನೋಟ: ಕೇಕು ಬಂದ ಬಗೆ
ಭಾರತದ ಮೊದಲ ಕ್ರಿಸ್ಮಸ್ ಕೇಕ್ ಎಂದು ಹೆಸರಾದದ್ದು 1883ರಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು ಸುಟ್ಟ ಕೇಕ್. ಬ್ರಿಟಿಷ್ ತೋಟಗಾರನೊಬ್ಬ ವಿಲಾಯಿತಿಯ ಪ್ಲಮ್ ಕೇಕಿನ ತುಂಡೊಂದನ್ನು ತಂದು, ಇಂಥದ್ದು ಮಾಡಬಲ್ಲೆಯಾ ಎಂದು ಕೇಳಿದನಂತೆ. ಫ್ರೆಂಚ್ ಬ್ರಾಂಡಿಯ ಬದಲು ಬಾಪು ಸ್ಥಳೀಯ ಹಣ್ಣಿನ ಮದ್ಯ ಬೆರೆಸಿದ. ರುಚಿ ನೋಡಿದ ದೊರೆ ಇನ್ನಷ್ಟು ಬೇಕೆಂದ. ಬಾಪು ಕ್ರೈಸ್ತನಾಗಿರಲಿಲ್ಲ.

ರಾಗಿ ಮೊಳೆಯುವಷ್ಟು ದಿನ

ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕಥೋಲಿಕರ ಮನೆಯಲ್ಲಿ ಆಗಮನ ಕಾಲಕ್ಕೆ ಬೇರೆಯದೇ ಗಡಿಯಾರವಿದೆ. ಡಿಸೆಂಬರ್ ಎರಡನೇ ವಾರ ಕಳೆಯುವಾಗ ಮಕ್ಕಳು ತಟ್ಟೆಗಳಲ್ಲಿ, ಹಳೆಯ ಡಬ್ಬಿಯ ಮುಚ್ಚಳಗಳಲ್ಲಿ ಮಣ್ಣು ಹರಡಿ ರಾಗಿ, ಭತ್ತ ಅಥವಾ ಮೆಂತ್ಯ ಬಿತ್ತುತ್ತಾರೆ. ಯೇಸು ಹುಟ್ಟಿದ ದೃಶ್ಯ ಕಟ್ಟುವ ಗೋದಲಿಯ ಸುತ್ತ ಹಸಿರು ಗದ್ದೆಯಾಗಬೇಕಾದದ್ದು ಅದೇ. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಉದ್ದ ಬೆಳೆದು ಬಾಗಿ ಹಳದಿಯಾಗುತ್ತದೆ. ತಡವಾದರೆ ಬೆತ್ಲೆಹೇಮಿನಲ್ಲಿ ಬರಗಾಲ. ನೀರು ಹೆಚ್ಚಾದರೆ ಕೊಳೆತು ನಾರುತ್ತದೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಕ್ರಿಸ್ಮಸ್ ಮರ ತಂದುಕೊಡುವ ಆ್ಯಪ್‌ಗಳು ಬೆಂಗಳೂರಿನಲ್ಲಿವೆ. ರಾಗಿಯ ಪೈರನ್ನು ಅವಸರಪಡಿಸುವ ಆ್ಯಪ್ ಇನ್ನೂ ಬಂದಿಲ್ಲ.

ಗೋದಲಿಯ ಹುಟ್ಟೂ ಹೀಗೆಯೇ, ಕೊಳ್ಳುವ ಮಾತಿಲ್ಲದ್ದು. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಒಂದು ಗವಿಯಲ್ಲಿ ಹುಲ್ಲು ತುಂಬಿದ ಗೊಂತು ಇರಿಸಿ, ಒಂದು ಎತ್ತು, ಒಂದು ಕತ್ತೆಯನ್ನು ತಂದು ನಿಲ್ಲಿಸಿದ. ಗೊಂಬೆಗಳಿರಲಿಲ್ಲ. ಮೇರಿ, ಜೋಸೆಫರ ವೇಷ ಹಾಕಿದವರೂ ಇರಲಿಲ್ಲ. ಊರಿನವರು ದೀವಟಿಗೆ ಹಿಡಿದು ಬೆಟ್ಟ ಹತ್ತಿದರು. ದೇವರ ಮಗ ಎಂಥ ಅನನುಕೂಲದಲ್ಲಿ ಹುಟ್ಟಿದ ಎಂಬುದನ್ನು ಕಣ್ಣಾರೆ ಕಾಣಬೇಕೆಂಬುದು ಫ್ರಾನ್ಸಿಸನ ಆಸೆಯಾಗಿತ್ತು. ಎಂಟು ಶತಮಾನಗಳ ಬಳಿಕ, 2019ರ ಡಿಸೆಂಬರ್ 1ರಂದು, ಅವನ ಹೆಸರನ್ನೇ ಇಟ್ಟುಕೊಂಡ ಪೋಪ್ ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಬಗೆಗೊಂದು ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ, ಕೆಲಸದ ಜಾಗಗಳಲ್ಲಿ, ಆಸ್ಪತ್ರೆಗಳಲ್ಲಿ ಗೋದಲಿ ಕಟ್ಟುವುದನ್ನು ಬಿಡಬೇಡಿ ಎಂಬುದು ಅದರ ತಿರುಳು.

ಬಿಟ್ಟಿಲ್ಲ. ಕರಾವಳಿಯಲ್ಲಿ ಗೋದಲಿ ಸ್ಪರ್ಧೆಗಳೇ ನಡೆಯುತ್ತವೆ. ಬಹುಮಾನದ ಆಸೆಗೆ ಜಲಪಾತ, ಓಡುವ ರೈಲು, ಬಣ್ಣ ಬದಲಿಸುವ ಎಲ್‌ಇಡಿ ಎಲ್ಲವೂ ಬೆತ್ಲೆಹೇಮಿಗೆ ಬಂದಿವೆ. ಮಗು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಆದರೂ ಈ ಬಗ್ಗೆ ನನಗೆ ಸಿಟ್ಟಿಲ್ಲ. ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಹುಡುಗರು ನಾಲ್ಕು ರಾತ್ರಿ ಒಟ್ಟಿಗೆ ಕೂತು ಥರ್ಮಕೋಲ್ ಕೊರೆಯುವುದು, ಮನೆಯ ಮೂಲೆಗಳಲ್ಲಿ ಒಬ್ಬೊಬ್ಬರೇ ಕೂತು ಫೋನ್ ತೀಡುವುದಕ್ಕಿಂತ ಮೇಲು.

ಕುಸ್ವಾರಿನ ವಿಷಯದಲ್ಲೂ ನನ್ನ ಅಭಿಪ್ರಾಯ ಹಳಬರಿಗೆ ರುಚಿಸಲಾರದು. ಹಬ್ಬಕ್ಕೆ ಮೊದಲು ಕೈಯಲ್ಲೇ ಮಾಡುವ ತಿಂಡಿಗಳ ತಟ್ಟೆ ಅದು: ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕೀಸ್, ಎಳ್ಳುಂಡೆ. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದರೆ ಕಿಡ್ಯೊ. ನೂರಾರು ಮಾಡಬೇಕು. ಈಗ ಇವೆಲ್ಲ ಬೇಕರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ, ದುಬೈಗೂ ಪಾರ್ಸೆಲ್ ಹೋಗುತ್ತವೆ. ಸಂಪ್ರದಾಯ ಸತ್ತಿತೆಂದು ಪ್ರತಿ ಡಿಸೆಂಬರ್‌ನಲ್ಲೂ ಯಾರಾದರೂ ಬರೆಯುತ್ತಾರೆ. ಬರೆಯುವವರು ಬಹುಪಾಲು ಗಂಡಸರು. ಕೊಬ್ಬರಿ ಎಣ್ಣೆಯ ಬಾಣಲೆ ಮುಂದೆ ಮಧ್ಯರಾತ್ರಿಯವರೆಗೆ ನಿಂತವರು ಅವರಲ್ಲ. ಕೆಲಸ ಮುಗಿಸಿ ಬಂದ ಹೆಂಗಸು ಅರ್ಧ ಕುಸ್ವಾರನ್ನು ಬೇಕರಿಯಿಂದ ತಂದರೆ ಅದು ಭೋಗವಾದವಲ್ಲ, ಸೊಂಟನೋವಿಗೆ ಮದ್ದು. ಕುಸ್ವಾರಿನ ಜೀವ ಇರುವುದು ಅದು ಯಾರ ಮನೆಗೆ ಹೋಗುತ್ತದೆ ಎಂಬುದರಲ್ಲಿ. ಎದುರು ಮನೆಯ ಭಟ್ಟರಿಗೂ ಹಿತ್ತಿಲಾಚೆಯ ಬ್ಯಾರಿಗಳಿಗೂ ತಟ್ಟೆ ಹೋಗುವವರೆಗೆ, ಅದನ್ನು ಯಾರು ಕರಿದರೆ ಏನು?

ನನಗೆ ನಗು ಬರುವುದು ಬೆಂಗಳೂರಿನ ದೊಡ್ಡ ಹೋಟೆಲುಗಳ ‘ಕೇಕ್ ಮಿಕ್ಸಿಂಗ್’ ನೋಡಿದಾಗ. ದೀಪಾವಳಿ ಪಟಾಕಿಯ ಹೊಗೆ ಆರುವ ಮೊದಲೇ, ಕೆಲವೊಮ್ಮೆ ಅದಕ್ಕೂ ಮುಂಚೆ, ಅತಿಥಿಗಳು ಬಾಣಸಿಗರ ಬಿಳಿ ಟೋಪಿ, ಪ್ಲಾಸ್ಟಿಕ್ ಕೈಗವಸು ಧರಿಸಿ ಉದ್ದ ಮೇಜಿನ ಮೇಲಿನ ದ್ರಾಕ್ಷಿ ಗೋಡಂಬಿಗೆ ರಮ್ ಸುರಿಯುತ್ತಾರೆ. ಫೋಟೊ ತೆಗೆಸಿಕೊಳ್ಳುತ್ತಾರೆ. ಹಣ್ಣು ನೆನೆಯಲು ವಾರಗಟ್ಟಲೆ ಬೇಕು, ನಿಜ. ಹಳೆಯ ಮನೆಗಳಲ್ಲೂ ಹಣ್ಣು ನೆನೆಯುತ್ತಿತ್ತು, ಭರಣಿಯೊಳಗೆ, ಯಾರೂ ನೋಡದ ಹಾಗೆ.

ಅಂಗಡಿಗಾಗಿ ಸರಿದ ಹಬ್ಬ

ಮಾರುಕಟ್ಟೆಗೆ ಎಷ್ಟು ಶಕ್ತಿಯಿದೆ? ಒಂದು ದೇಶದ ಹಬ್ಬದ ದಿನಾಂಕವನ್ನೇ ಸರಿಸುವಷ್ಟು. ಅಮೆರಿಕದಲ್ಲಿ ಹಿಂದೆ ನವೆಂಬರ್ ಕೊನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬವಾಗುತ್ತಿತ್ತು. ಅದು ಮುಗಿಯುವ ಮುಂಚೆ ಕ್ರಿಸ್ಮಸ್ ಸರಕಿನ ಜಾಹೀರಾತು ಹಾಕಬಾರದೆಂಬ ಮರ್ಯಾದೆ ಒಂದಿತ್ತು. 1939ರಲ್ಲಿ ಆ ಗುರುವಾರ 30ನೇ ತಾರೀಖಿಗೆ ಬಿತ್ತು. ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸದ ವ್ಯಾಪಾರಿಗಳು ಖರೀದಿಯ ದಿನ ಕಮ್ಮಿಯಾಯಿತೆಂದು ಗೋಳಿಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು. ಅರ್ಧ ರಾಜ್ಯಗಳು ಒಪ್ಪಿದವು, ಉಳಿದವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಹಬ್ಬ. ಕೊನೆಗೆ 1941ರಲ್ಲಿ ನಾಲ್ಕನೇ ಗುರುವಾರ ಎಂದು ಕಾನೂನಾಯಿತು. ಅದರ ಮರುದಿನವೇ ಇಂದಿನ ‘ಬ್ಲ್ಯಾಕ್ ಫ್ರೈಡೇ’. ಥ್ಯಾಂಕ್ಸ್‌ಗಿವಿಂಗ್ ಹೆಸರನ್ನೂ ಕೇಳದ ಬಳ್ಳಾರಿ, ಬೆಳಗಾವಿಯ ಫೋನುಗಳಿಗೂ ಈಗ ಅದರ ಆಫರ್ ಬರುತ್ತದೆ.

ಅದೇ 1939ರಲ್ಲಿ ಶಿಕಾಗೊದ ಮಾಂಟ್ಗಮರಿ ವಾರ್ಡ್ ಎಂಬ ಅಂಗಡಿ ಸಮೂಹ, ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲು ಒಂದು ಕಥೆ ಬರೆಯುವಂತೆ ತನ್ನ ಜಾಹೀರಾತು ಬರಹಗಾರ ರಾಬರ್ಟ್ ಮೇಗೆ ಹೇಳಿತು. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದು ಹಾಗೆ. ಆ ವರ್ಷ ಹಂಚಿದ ಪ್ರತಿಗಳು 24 ಲಕ್ಷ. ಇಂದು ನಮ್ಮ ಇಂಗ್ಲಿಷ್ ಶಾಲೆಗಳ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಎಳೆಯ ಮಕ್ಕಳು ಕುಣಿಯುವುದು ಈ ಜಾಹೀರಾತಿಗೇ.

ಸಾಂತಾನ ಕತೆ ಇನ್ನೂ ದೂರ ಹೋಗುತ್ತದೆ. 4ನೇ ಶತಮಾನದಲ್ಲಿ ಇಂದಿನ ಟರ್ಕಿಯ ಮೈರಾ ಎಂಬಲ್ಲಿ ನಿಕೋಲಸ್ ಎಂಬ ಧರ್ಮಾಧ್ಯಕ್ಷನಿದ್ದ. ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ಆತ ರಾತ್ರಿ ಹೊತ್ತು ಚಿನ್ನದ ಗಂಟು ಎಸೆದು ಹೋದ ಎಂಬುದು ದಂತಕಥೆ. ಆ ಕತೆಯ ಜೀವಾಳ ಎರಡು: ಕೊಟ್ಟದ್ದು ಬಡವರಿಗೆ, ಕೊಟ್ಟವನಾರೆಂದು ತಿಳಿಯಬಾರದು. ಡಚ್ಚರ ಮೂಲಕ ನ್ಯೂಯಾರ್ಕಿಗೆ ಬಂದ ನಿಕೋಲಸನಿಗೆ 1863ರಿಂದ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಡೊಳ್ಳುಹೊಟ್ಟೆ, ಗಡ್ಡ ಕೊಟ್ಟ. 1931ರಲ್ಲಿ ಹ್ಯಾಡನ್ ಸಂಡ್‌ಬ್ಲಮ್ ಎಂಬ ಕಲಾವಿದ ಕೋಕಾ-ಕೋಲಾ ಜಾಹೀರಾತಿಗೆ ಅವನನ್ನು ಕೆಂಪು ಕೋಟಿನ ನಗುಮೊಗದ ಅಜ್ಜನಾಗಿ ಚಿತ್ರಿಸಿ ಜಗತ್ತಿಗೆಲ್ಲ ಪರಿಚಯಿಸಿದ. ಕತ್ತಲಲ್ಲಿ ಗುಟ್ಟಾಗಿ ಕೊಟ್ಟವನು ಈಗ ಮಾಲಿನ ನಡುವಣ ಸಿಂಹಾಸನದಲ್ಲಿ ಕೂತು ಸೆಲ್ಫಿಗೆ ಸಿಗುತ್ತಾನೆ.

■ ಪಕ್ಕದ ನೋಟ: ಪುರುಸೊತ್ತಿಲ್ಲದವನ ಕಾರ್ಡು
ಮೊದಲ ಕ್ರಿಸ್ಮಸ್ ಕಾರ್ಡು 1843ರದು. ಲಂಡನ್ನಿನ ಅಧಿಕಾರಿ ಹೆನ್ರಿ ಕೋಲ್‌ಗೆ ಬಂದ ಹಬ್ಬದ ಪತ್ರಗಳಿಗೆಲ್ಲ ಉತ್ತರ ಬರೆಯಲು ಸಮಯವಿರಲಿಲ್ಲ. ಚಿತ್ರಕಾರ ಗೆಳೆಯನಿಂದ ಒಂದು ಕಾರ್ಡು ಬರೆಸಿ, ಸಾವಿರ ಅಚ್ಚು ಹಾಕಿಸಿ, ಮಿಕ್ಕವನ್ನು ಶಿಲ್ಲಿಂಗಿಗೊಂದರಂತೆ ಮಾರಿದ. ನಡುವೆ ಮಗುವೂ ಸೇರಿ ಕುಟುಂಬವೆಲ್ಲ ವೈನ್ ಕುಡಿಯುವ ಚಿತ್ರ. ಎಡಬಲದಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರ. ಪಾನನಿಷೇಧದವರು ನಡುವಿನ ಚಿತ್ರದ ಮೇಲೆ ಮುಗಿಬಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಚಿತ್ರ ಇನ್ನೂರು ಜನರಿಗೆ ಕಳಿಸುವ ನಾವೆಲ್ಲ ಕೋಲ್‌ನ ವಂಶಸ್ಥರು.

■ ಪಕ್ಕದ ನೋಟ: ಬೇಡದ ಉಡುಗೊರೆಯ ಅರ್ಥಶಾಸ್ತ್ರ
ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗಲ್ 1993ರಲ್ಲಿ ವಿದ್ಯಾರ್ಥಿಗಳನ್ನು ಕೇಳಿದರು: ನಿಮಗೆ ಬಂದ ಕ್ರಿಸ್ಮಸ್ ಉಡುಗೊರೆಗೆ ನೀವೇ ಆದರೆ ಎಷ್ಟು ಕೊಡುತ್ತಿದ್ದಿರಿ? ಉಡುಗೊರೆಯ ಬೆಲೆಯಲ್ಲಿ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಆವಿಯಾಗಿ ಹೋಗಿತ್ತು ಎಂಬುದು ಅವರ ಲೆಕ್ಕ.

ಮಠದ ಕಿಟಕಿಯೂ ಫೋನಿನ ಪರದೆಯೂ

ಕೊಳ್ಳುವುದು ಅರ್ಧ ಕತೆ. ಇನ್ನರ್ಧ ಗಮನದ್ದು. ಕೊಳ್ಳಿಸಬೇಕಾದರೆ ಮೊದಲು ನೋಡಿಸಬೇಕು. ಎಚ್ಚರವಾಗಿರಿ ಎಂದು ಚರ್ಚು ಹೇಳುವ ಕಾಲದಲ್ಲೇ ಫೋನು ತಾಸಿಗೆ ಹತ್ತು ಸಲ ಟಿಂಗ್ ಎಂದು ನಮ್ಮನ್ನು ಎಚ್ಚರಿಸುತ್ತದೆ, ಬೇರೆ ಕಾರಣಕ್ಕೆ.

ಮನಸ್ಸು ನಿಲ್ಲದಿರುವುದಕ್ಕೆ ಫೋನನ್ನೊಂದೇ ದೂರುವುದು ಮಾತ್ರ ಅನ್ಯಾಯ. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯಲ್ಲಿ ಕೂತು, ನಡುಹಗಲಲ್ಲಿ ಸನ್ಯಾಸಿಗಳನ್ನು ಹಿಡಿಯುವ ಪಿಶಾಚಿಯೊಂದನ್ನು ವರ್ಣಿಸಿದ್ದಾನೆ. ಅದು ಹೊಕ್ಕರೆ ಸೂರ್ಯ ಕದಲುವುದಿಲ್ಲ. ಹಗಲಿಗೆ ಐವತ್ತು ತಾಸು ಇದ್ದಂತೆ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಊಟದ ಹೊತ್ತು ಎಷ್ಟು ದೂರ ಎಂದು ಬಿಸಿಲು ಅಳೆಯುತ್ತಾನೆ. ಯಾರಾದರೂ ಸಹೋದರ ಈ ಕಡೆ ಬರುತ್ತಿದ್ದಾನಾ ಎಂದು ಆಚೀಚೆ ಕಣ್ಣು ಹಾಯಿಸುತ್ತಾನೆ. ಮರಳು, ಬಿಸಿಲು, ಒಂದು ರೊಟ್ಟಿ ಬಿಟ್ಟರೆ ಬೇರೇನೂ ಇಲ್ಲದ ಕಡೆಯೂ ಮನುಷ್ಯ ಹೊಸ ಸಂದೇಶಕ್ಕಾಗಿ ಕಿಟಕಿ ನೋಡುತ್ತಿದ್ದ! ವ್ಯತ್ಯಾಸವಿಷ್ಟೆ: ಅವನ ಕಿಟಕಿಯಾಚೆ ಹೆಚ್ಚಿನ ಸಲ ಯಾರೂ ಬರುತ್ತಿರಲಿಲ್ಲ. ನಮ್ಮ ಕಿಟಕಿಯಲ್ಲಿ ಯಾವಾಗಲೂ ಯಾರೋ ಬಂದಿರುತ್ತಾರೆ.

2017ರ ನವೆಂಬರ್ 8ರಂದು ಪೋಪ್ ಫ್ರಾನ್ಸಿಸ್ ಸಾರ್ವಜನಿಕ ಭೇಟಿಯ ಹೊತ್ತಿನಲ್ಲಿ ಈ ವಿಷಯಕ್ಕೆ ಗರಂ ಆದರು. ಪೂಜೆಯ ನಡುವೆ ಗುರುಗಳು ಹೃದಯ ಮೇಲೆತ್ತಿ ಎನ್ನುತ್ತಾರೆಯೇ ಹೊರತು ಫೋಟೊ ತೆಗೆಯಲು ಫೋನ್ ಮೇಲೆತ್ತಿ ಎನ್ನುವುದಿಲ್ಲ ಎಂಬರ್ಥದ ಮಾತು ಹೇಳಿದರು. ವಿಶ್ವಾಸಿಗಳಷ್ಟೇ ಅಲ್ಲ, ಗುರುಗಳು, ಧರ್ಮಾಧ್ಯಕ್ಷರೂ ಹೀಗೆ ಮಾಡುತ್ತಾರೆ ಎಂದು ಸೇರಿಸಿದರು. ಅದಕ್ಕೂ ಮೊದಲು, 2009ರಲ್ಲಿ, ಇಟಲಿಯ ಮೊಡೆನಾ ಧರ್ಮಪ್ರಾಂತ ತಪಸ್ಸುಕಾಲದ ಶುಕ್ರವಾರಗಳಂದು ಎಸ್ಸೆಮ್ಮೆಸ್ ಉಪವಾಸ ಮಾಡಲು ಯುವಜನರನ್ನು ಕೇಳಿತ್ತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಕುತೂಹಲಕರ: ಫೋನಿಗೆ ಬೇಕಾದ ಕೋಲ್ಟಾನ್ ಅದಿರಿಗಾಗಿ ಕಾಂಗೊದಲ್ಲಿ ಹರಿಯುತ್ತಿದ್ದ ರಕ್ತ. ಮನಸ್ಸಿನ ಶಾಂತಿಯ ಮಾತನ್ನು ಗಣಿಯವರೆಗೆ ಒಯ್ದ ಆ ತರ್ಕ ನನಗೆ ಇಷ್ಟ. 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಹಿಡಿದದ್ದೂ ಅದೇ ದಾರಿ: ಎಸೆದುಬಿಡುವ ಅಭ್ಯಾಸ ವಸ್ತುಗಳಲ್ಲಿ ಶುರುವಾಗಿ ಮನುಷ್ಯರನ್ನು ತಲುಪುತ್ತದೆ ಎಂಬುದು ಅವರ ಆತಂಕವಾಗಿತ್ತು.

ನಮ್ಮಲ್ಲಿ ಚರ್ಚು ಮತ್ತು ಫೋನಿನ ಸಂಬಂಧ ಕೊಂಚ ಸಂಕೀರ್ಣ. 2020ರ ಲಾಕ್‌ಡೌನ್‌ನಲ್ಲಿ ಬಲಿಪೂಜೆ ಮನೆಗೆ ಬಂದದ್ದು ಇದೇ ಪರದೆಯಲ್ಲಿ. ಹಾಸಿಗೆ ಹಿಡಿದ ಹಿರಿಯರಿಗೆ ಇಂದೂ ಅದೇ ಆಸರೆ. ಕಾಣಿಕೆ ಡಬ್ಬಿಯ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದ ಮೇಲೆ, ಪೂಜೆಗೆ ಬರುವಾಗ ಫೋನ್ ಮನೆಯಲ್ಲಿಟ್ಟು ಬನ್ನಿ ಎಂದು ಗುರುಗಳು ಎಷ್ಟು ಗಟ್ಟಿಯಾಗಿ ಹೇಳಿಯಾರು?

ನಿಷೇಧ ಹಾಕಿ ನೋಡಿದವರು

ಕ್ರಿಸ್ಮಸ್ ಕೆಟ್ಟುಹೋಯಿತು ಎಂಬ ದೂರಿಗೆ ಕ್ರಿಸ್ಮಸ್‌ನಷ್ಟೇ ವಯಸ್ಸಾಗಿದೆ. 380ರ ಆಸುಪಾಸಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಜಿಯಾಂಜಸಿನ ಗ್ರೆಗರಿ ಮಾಡಿದ ಕ್ರಿಸ್ತ ಜಯಂತಿಯ ಪ್ರಸಂಗದಲ್ಲೇ, ಬಾಗಿಲಿಗೆ ತೋರಣ ಕಟ್ಟಬೇಡಿ, ಬೀದಿ ಸಿಂಗರಿಸಬೇಡಿ, ಕುಣಿಯಬೇಡಿ, ಊಟ ಪಾನಗಳಲ್ಲಿ ಪೈಪೋಟಿ ಬೇಡ ಎಂಬ ಪಟ್ಟಿ ಇದೆ. ಆಗ ಬ್ಲ್ಯಾಕ್ ಫ್ರೈಡೇ ಇರಲಿಲ್ಲ.

ನಿಷೇಧವನ್ನೂ ಜನ ಪ್ರಯತ್ನಿಸಿ ನೋಡಿದ್ದಾರೆ. ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್ಸನ್ನು ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ. ಬೈಬಲ್‌ನಲ್ಲಿ ಡಿಸೆಂಬರ್ 25 ಇಲ್ಲ, ಹಬ್ಬದ ಹೆಸರಲ್ಲಿ ನಡೆಯುವುದು ಕುಡಿತ, ಜೂಜು ಎಂಬುದು ಅವರ ವಾದ. ವಾದದಲ್ಲಿ ಸುಳ್ಳಿರಲಿಲ್ಲ. ಆದರೆ ಹಬ್ಬವಿಲ್ಲದ ಧರ್ಮ ಉಪ್ಪಿಲ್ಲದ ಗಂಜಿ; ಜನ ಒಪ್ಪಲಿಲ್ಲ, ಹಬ್ಬ ಮರಳಿ ಬಂತು.

ಕಾನಾ ಊರಿನ ಮದುವೆಯಲ್ಲಿ ವೈನ್ ಮುಗಿದಾಗ ಯೇಸು ಸಂಯಮದ ಉಪನ್ಯಾಸ ಕೊಡಲಿಲ್ಲ, ಆರು ಬಾನೆ ನೀರನ್ನು ಒಳ್ಳೆಯ ವೈನ್ ಮಾಡಿದ ಎಂಬುದನ್ನು ಪ್ಯೂರಿಟನ್ನರು ಮರೆತಿದ್ದರೇನೋ. ಹೆಚ್ಚಿಗೆ ಬಡಿಸುವುದು, ಹೆಚ್ಚಿಗೆ ಕೊಡುವುದು ಹಬ್ಬದ ಗುಣವೇ. ಆ ಹೆಚ್ಚಳ ಒಂದು ದಿನದ್ದಾಗಿದ್ದಾಗ ಹಬ್ಬವಾಗಿತ್ತು. ನವೆಂಬರಿನಿಂದ ಎಳೆದು ಎಂಟು ವಾರ ಮಾಡಿದಾಗ ಅದು ದಿನನಿತ್ಯದ ಊಟವಾಯಿತು, ಹಸಿವೂ ಹೋಯಿತು.

ಆದ್ದರಿಂದಲೇ ಈಚಿನ ಕೆಲವು ಪ್ರಯತ್ನಗಳು ನಿಷೇಧ ಬಿಟ್ಟು ಬೇರೆ ದಾರಿ ಹಿಡಿದಿವೆ. 2001ರ ಹೊತ್ತಿಗೆ ಕೆನಡಾದ ಮೆನೊನೈಟ್ ಕ್ರೈಸ್ತರು ‘ಏನೂ ಕೊಳ್ಳದ ಕ್ರಿಸ್ಮಸ್’ ಎಂಬ ಪ್ರಚಾರ ನಡೆಸಿದರು. ಬ್ರಿಟನ್ನಿನ ಚರ್ಚುಗಳಲ್ಲಿ ಈಗ ತಿರುಗುಮುರುಗು ಕ್ಯಾಲೆಂಡರ್ ಚಾಲ್ತಿಯಲ್ಲಿದೆ: ದಿನಕ್ಕೊಂದು ಡಬ್ಬಿ ಬಿಚ್ಚುವ ಬದಲು ದಿನಕ್ಕೊಂದು ಸಾಮಾನನ್ನು ಪೆಟ್ಟಿಗೆಗೆ ಹಾಕುವುದು. ಇವತ್ತು ಪಾಸ್ತಾ, ನಾಳೆ ಸೋಪು, ನಾಳಿದ್ದು ಟೀಪುಡಿ. ತುಂಬಿದ ಪೆಟ್ಟಿಗೆ ಹಸಿದವರಿಗೆ ಆಹಾರ ಹಂಚುವ ಕೇಂದ್ರಕ್ಕೆ ಹೋಗುತ್ತದೆ. ಮಕ್ಕಳಿಗೆ ಎಣಿಸುವ ಸಂಭ್ರಮವೂ ಉಳಿಯಿತು.

ಇಂಥ ಪ್ರಯತ್ನಗಳ ಬಗ್ಗೆ ಓದುವಾಗ ನನಗೆ ನೆನಪಾಗುವುದು ಕರಾವಳಿಯ ಮೊಂತಿ ಫೆಸ್ತ್. ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ. ಒಂಬತ್ತು ದಿನ ಮಕ್ಕಳು ಹಿತ್ತಿಲ ಹೂ ಕೊಯ್ದು ತಂದು ಬಾಲಮರಿಯಳಿಗೆ ಸುರಿಯುತ್ತಾರೆ. ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ಬಂದು, ಅದರ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಎಲ್ಲರೂ ಉಣ್ಣುತ್ತಾರೆ. ಬಾಳೆಲೆಯ ಮೇಲೆ ಬರೀ ತರಕಾರಿ ಊಟ. ಆ ದಿನಗಳಲ್ಲಿ ಮಂಗಳೂರು ಮಾರುಕಟ್ಟೆಯಲ್ಲಿ ಬೆಂಡೆ, ಹೀರೆಯ ದರ ಏರುವುದುಂಟು. ಅಷ್ಟು ಬಿಟ್ಟರೆ ವ್ಯಾಪಾರಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ತೆನೆಗೆ ಬ್ರ್ಯಾಂಡ್ ಹಚ್ಚುವುದು ಹೇಗೆ ಎಂದು ಇನ್ನೂ ಯಾರಿಗೂ ಹೊಳೆದಿಲ್ಲ. ಯಾರಿಗಾದರೂ ಹೊಳೆಯುವ ಮುನ್ನ ಈ ಪ್ಯಾರಾ ಇಲ್ಲಿಗೇ ನಿಲ್ಲಿಸುವುದು ವಾಸಿ.

ಇಪ್ಪತ್ತಾರರ ಬೆಳಿಗ್ಗೆ

ಮಾರುಕಟ್ಟೆಯ ಕ್ರಿಸ್ಮಸ್ ಯಾವ ದಿನ ಮುಗಿಯುತ್ತದೋ ಚರ್ಚಿನ ಕ್ರಿಸ್ಮಸ್ ಶುರುವಾಗುವುದು ಅಂದೇ. 24ರ ರಾತ್ರಿಯ ಪೂಜೆಯಿಂದ ಹಿಡಿದು ಹನ್ನೆರಡು ದಿನ, ಜನವರಿ 6ರ ಮೂವರು ರಾಯರ ಹಬ್ಬದವರೆಗೆ. ಕಥೋಲಿಕ ಪಂಚಾಂಗದಂತೆ ಇನ್ನೂ ಮುಂದಕ್ಕೆ, ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದ ಗೋದಲಿಯೂ ಅಲ್ಲಿಯವರೆಗೆ ಕದಲುವುದಿಲ್ಲ. ಇತ್ತ ಮಾಲುಗಳಲ್ಲಿ 26ರ ಬೆಳಿಗ್ಗೆಯೇ ಸಾಂತಾನ ಬದಲು ಹೊಸ ವರ್ಷದ ಬಲೂನು. ಹಾಡು ಬದಲಾಗಿರುತ್ತದೆ. ನವೆಂಬರಿನಿಂದ ಹಳೆಯದನ್ನೇ ಕೇಳಿ ಬೇಸತ್ತ ಕೆಲಸದ ಹುಡುಗಿಯರಿಗೆ ಅದೇ ಹಬ್ಬ.

ಹಾಗಾದರೆ ಮನೆಯ ಮುಂದಿನ ನಕ್ಷತ್ರ ಇಳಿಸುವುದು ಯಾವಾಗ? ಪ್ರತಿ ವರ್ಷದ ಚರ್ಚೆ ಇದು. ಹೊಸ ವರ್ಷ ಕಳೆದ ಕೂಡಲೇ ಇಳಿಸುವವರಿದ್ದಾರೆ, ಊರ ಚರ್ಚಿನ ವಾರ್ಷಿಕ ಹಬ್ಬ ಸಾಂತ್‌ಮಾರಿ ಮುಗಿಯಲಿ ಎನ್ನುವವರೂ ಇದ್ದಾರೆ. ಜರ್ಮನಿಯ ನೀಸ್ಕಿ ಎಂಬ ಊರಿನ ಮೊರಾವಿಯನ್ ಶಾಲೆಯಲ್ಲಿ 19ನೇ ಶತಮಾನದಲ್ಲಿ ರೇಖಾಗಣಿತ ಕಲಿಸಲೆಂದು ಮಾಡಿಸುತ್ತಿದ್ದ ಕಾಗದದ ನಕ್ಷತ್ರವನ್ನು ಅಲ್ಲಿಯವರು ಆಗಮನ ಕಾಲದ ಮೊದಲ ಭಾನುವಾರ ಏರಿಸಿ ಜನವರಿ 6ಕ್ಕೆ ಇಳಿಸುತ್ತಾರೆ. ನಮ್ಮಲ್ಲಿ ಮೂವರು ರಾಯರ ಹಬ್ಬವನ್ನು ಹತ್ತಿರದ ಭಾನುವಾರಕ್ಕೆ ಸರಿಸುವುದರಿಂದ ಒಂದೆರಡು ದಿನ ಹೆಚ್ಚುಕಮ್ಮಿ. ರಾಯರು ಒಂಟೆಯ ಮೇಲೆ ಆ ನಕ್ಷತ್ರ ನೋಡಿಕೊಂಡೇ ಬರುತ್ತಿರುವವರು; ಅವರು ಮುಟ್ಟುವವರೆಗಾದರೂ ದೀಪ ಆರಿಸದಿರುವುದು ಮರ್ಯಾದೆ. ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮರ, ಎಲ್‌ಇಡಿ ಸರ ಎಲ್ಲವೂ ಅರ್ಧ ಬೆಲೆಗೆ ಬಂದಿರುತ್ತವೆ. ಹಳೆಯದು ಕೆಟ್ಟಿದ್ದವರು ಆಗ ಕೊಂಡರಾಯಿತು.